ಗಾಳದ ಕೋಲಿನ ಕಾರ್ಕ್ ಹಿಡಿಗೆ ಏನು ಹಚ್ಚಬೇಕು?

ಪ್ರಶ್ನೆ: ನಾನು ದಾವಣಗೆರೆಯವನು. ರಜೆ ಸಿಕ್ಕಾಗ ಸೂಳೆಕೆರೆ ಕಡೆಗೋ ಹರಿಹರದ ಹೊಳೆ ಕಡೆಗೋ ಗಾಳ ಹಾಕಲು ಹೋಗುತ್ತೇನೆ. ಎರಡು ವರ್ಷದ ಹಿಂದೆ ಕಾರ್ಕ್ ಹಿಡಿ ಇರುವ ಏಳಡಿ ರಾಡ್ ತಗೊಂಡೆ. ಈಗ ಹಿಡಿ ಕಪ್ಪಾಗಿದೆ, ಅಲ್ಲಲ್ಲಿ ಪುಡಿ ಉದುರಿ ಸಣ್ಣ ಸಣ್ಣ ತೂತು ಬಿದ್ದಿವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ವಾರ್ನಿಷ್ ಹೊಡೀರಿ ಅಂದರು. ನಮ್ಮ ಮಾವ ಕೊಬ್ಬರಿ ಎಣ್ಣೆ ಸವರು ಅಂತಾರೆ. ಜೊತೆಗೆ ಬರುವ ಗೆಳೆಯ ಏನೂ ಹಚ್ಚಬೇಡ, ಸುಮ್ನೆ ಬಿಡು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಯಾರ ಮಾತನ್ನಾದರೂ ಕೇಳುವ ಮೊದಲು ಹಿಡಿಯನ್ನೇ ಒಂದು ಮಾತು ಕೇಳಿ. ರಾಡನ್ನು ಟೇಬಲ್ ಮೇಲೆ ಅಡ್ಡ ಇಡಿ. ಬೆರಳ ತುದಿಯಿಂದ ಒಂದು ಹನಿ ನೀರನ್ನು ಕಾರ್ಕ್ ನುಣುಪಾಗಿರುವ ಕಡೆ ಬಿಡಿ. ಇನ್ನೊಂದು ಹನಿಯನ್ನು ಪುಡಿ ಉದುರಿದ ತೂತಿನ ಮೇಲೆ ಬಿಡಿ. ಹೋಗಿ ಒಂದು ಲೋಟ ಟೀ ಕುಡಿದು ಬನ್ನಿ. ನುಣುಪು ಜಾಗದ ಹನಿ ಹಾಗೇ ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ತೂತಿನ ಮೇಲಿನ ಹನಿ ಒಳಗೆ ಇಳಿದಿರುತ್ತದೆ, ಸುತ್ತ ಒಂದು ಕಪ್ಪು ಉಂಗುರ ಬಿದ್ದಿರುತ್ತದೆ.

ನಾನು ಹೇಳಬೇಕಾದದ್ದೆಲ್ಲ ಆ ಎರಡು ಹನಿಯಲ್ಲೇ ಇದೆ. ಕಾರ್ಕ್ ನೀರು ಕುಡಿಯುವುದಿಲ್ಲ, ಅದರ ತೂತು ಕುಡಿಯುತ್ತದೆ. ಹಾಗಾಗಿ ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದು ಮತ್ತು ತೂತು ತುಂಬುವುದು. ಮೇಲೆ ಏನಾದರೂ ಹಚ್ಚುವುದು ಬರೀ ಕಾಲು ಪಾಲು. ಎಲ್ಲರೂ ಆ ಕಾಲು ಪಾಲಿನ ಬಗ್ಗೆಯೇ ವಾದ ಮಾಡುತ್ತಾರೆ.

ಚಿಕ್ಕವರಿದ್ದಾಗ ಜೋಳದ ದಂಟು ಸಿಗಿದು ಒಳಗಿನ ಬೆಂಡು ತೆಗೆದು ಗಾಳದ ದಾರಕ್ಕೆ ಕಟ್ಟಿದ್ದೀರಲ್ವಾ? ಸ್ವಲ್ಪ ಹೊತ್ತು ಚೆನ್ನಾಗಿ ತೇಲುತ್ತದೆ. ಆಮೇಲೆ ನೀರು ಕುಡಿದು ಭಾರವಾಗಿ ವಾಲುತ್ತದೆ. ಕಾರ್ಕನ್ನೂ ನಾವು ಬೆಂಡು ಅಂತಲೇ ಕರೆಯುತ್ತೇವೆ. ಆದರೆ ಎರಡರ ಗುಣ ಬೇರೆ. ದಂಟಿನ ಬೆಂಡು ಸ್ಪಂಜಿನ ಹಾಗೆ. ಕಾರ್ಕ್ ಅನ್ನುವುದು ಒಂದು ಜಾತಿಯ ಓಕ್ ಮರದ ತೊಗಟೆ. ಈ ಮರ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುತ್ತದೆ. ಲೋಕದ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಮರ ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷ ಆಗಿರಬೇಕು. ಆಮೇಲೆ ಒಂದು ಸಲ ಸುಲಿದರೆ ಮುಂದಿನ ಸುಲಿತಕ್ಕೆ ಕಡಿಮೆ ಎಂದರೂ 9 ವರ್ಷ ಕಾಯಬೇಕು. ನಿಮ್ಮ ಕೈಯಲ್ಲಿರುವ ಹಿಡಿ ಅಷ್ಟು ನಿಧಾನವಾಗಿ ಬೆಳೆದ ವಸ್ತು. ಅದಕ್ಕೇ ಅದನ್ನು ಉಜ್ಜಿ ಉಜ್ಜಿ ಸವೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

1665ರಲ್ಲಿ ರಾಬರ್ಟ್ ಹುಕ್ ಇದೇ ಕಾರ್ಕಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರ ಪುಟ್ಟ ಪುಟ್ಟ ಕೋಣೆಗಳಿಗೆ ‘ಸೆಲ್’ ಅಂತ ಹೆಸರಿಟ್ಟ. ಹೈಸ್ಕೂಲಿನಲ್ಲಿ ಓದಿದ ‘ಜೀವಕೋಶ’ ಶುರುವಾದದ್ದು ಅಲ್ಲಿಂದ. ಆ ಕೋಣೆಗಳಿಗೆ ಬಾಗಿಲೇ ಇಲ್ಲ. ಒಳಗೆ ಗಾಳಿ, ಗೋಡೆಯಲ್ಲಿ ಸುಬೆರಿನ್ ಎಂಬ ಮೇಣದಂಥ ಪದಾರ್ಥ. ಕಾರ್ಕ್ ಹಗುರ ಇರುವುದೂ, ಅಂಗೈಗೆ ಬೆಚ್ಚಗೆ ಅನ್ನಿಸುವುದೂ, ಒತ್ತಿದರೆ ತಗ್ಗಿ ಬಿಟ್ಟರೆ ಮೇಲೇಳುವುದೂ, ನೀರು ಹಿಡಿಯದಿರುವುದೂ ಎಲ್ಲ ಇದರಿಂದಲೇ.

ಹಾಗಾದರೆ ತೂತು ಎಲ್ಲಿಂದ ಬಂತು? ತೊಗಟೆಯ ಒಳಗಿನ ಮರಕ್ಕೆ ಗಾಳಿ ಬೇಕು. ಅದಕ್ಕಾಗಿ ತೊಗಟೆಯಲ್ಲಿ ಸಣ್ಣ ಸಂದುಗಳಿರುತ್ತವೆ. ಅವುಗಳ ಒಳಗೆ ಕಂದು ಬಣ್ಣದ ಸಡಿಲ ಪುಡಿ ತುಂಬಿರುತ್ತದೆ. ಒಳ್ಳೆ ದರ್ಜೆಯ ಕಾರ್ಕಿನಲ್ಲಿ ಈ ಸಂದು ಕಡಿಮೆ, ಅಗ್ಗದ ಕಾರ್ಕಿನಲ್ಲಿ ಜಾಸ್ತಿ. ಅಗ್ಗದ ಹಿಡಿ ಮಾಡುವಾಗ ಈ ಸಂದುಗಳಿಗೆ ಕಾರ್ಕ್ ಪುಡಿ ಮತ್ತು ಅಂಟು ಸೇರಿಸಿದ ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿ ಕಳಿಸುತ್ತಾರೆ. ಅಂಗಡಿಯಲ್ಲಿ ನೋಡಿದಾಗ ಹಿಡಿ ಬೆಣ್ಣೆಯ ಹಾಗಿರುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಪುಟ್ಟಿ ನೀರಿಗೆ ಉಬ್ಬಿ, ಬಿಸಿಲಿಗೆ ಒಣಗಿ, ಉದುರಿ ಹೋಗುತ್ತದೆ. ನಿಮ್ಮ ಹಿಡಿಯಲ್ಲಿ ಆಗಿರುವುದೂ ಇದೇ. ಕಾರ್ಕ್ ಕೊಳೆತಿಲ್ಲ, ಹೆದರಬೇಡಿ.

ಈಗ ಆ ಮೂವರ ಮಾತಿಗೆ ಬರುತ್ತೇನೆ.

ಕೊಬ್ಬರಿ ಎಣ್ಣೆ ಬೇಡ. ಮಾವ ಪ್ರೀತಿಯಿಂದಲೇ ಹೇಳಿದ್ದಾರೆ, ಹಳೆ ಮರದ ಸಾಮಾನಿಗೆ ಎಣ್ಣೆ ಸವರುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಆದರೆ ಎಣ್ಣೆಗಳಲ್ಲಿ ಎರಡು ಥರ. ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿದರೆ ಅದು ಗಾಳಿಯ ಆಮ್ಲಜನಕ ಹಿಡಿದುಕೊಂಡು ಗಟ್ಟಿ ಪೊರೆಯಾಗುತ್ತದೆ. ಟಂಗ್ ಅನ್ನುವ ಮರದ ಬೀಜದಿಂದ ತೆಗೆಯುವ ಟಂಗ್ ಎಣ್ಣೆಯೂ ಹಾಗೆಯೇ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಹರಳೆಣ್ಣೆ ಯಾವತ್ತೂ ಹಾಗೆ ಗಟ್ಟಿಯಾಗುವುದಿಲ್ಲ. ತೂತಿನೊಳಗೆ ಜಿಡ್ಡಾಗಿ ಕೂರುತ್ತವೆ, ಧೂಳು ಹಿಡಿಯುತ್ತವೆ, ಕಮಟು ವಾಸನೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎಣ್ಣೆ ಕುಡಿದ ತೂತಿಗೆ ಆಮೇಲೆ ಅಂಟು ಹಿಡಿಯುವುದೇ ಇಲ್ಲ. ಮಾವ ಈಗಾಗಲೇ ಒಂದು ಕೈ ಸವರಿದ್ದರೆ ಮೊದಲು ಆ ಜಿಡ್ಡನ್ನೆಲ್ಲ ತೊಳೆದು ತೆಗೆಯಬೇಕು.

ವಾರ್ನಿಷ್ ಕೂಡ ಬೇಡ, ಅಂದರೆ ಬ್ರಷ್‌ನಲ್ಲಿ ದಪ್ಪಗೆ ಬಳಿಯುವ ಹೊಳಪಿನ ವಾರ್ನಿಷ್. ಇದನ್ನು ನಾನು ಬಹಳ ಸಲ ಕಣ್ಣಾರೆ ನೋಡಿದ್ದೇನೆ. 2022ರಲ್ಲಿ ಹಿರಿಯೂರಿನ ಮಾರಿಕಣಿವೆ ಜಲಾಶಯ ಕೋಡಿ ಬಿತ್ತಲ್ಲ, 1933ರ ನಂತರ 89 ವರ್ಷಕ್ಕೆ ಮೊದಲ ಸಲ? ಆಮೇಲೆ ಹಿರಿಯೂರು, ಚಿತ್ರದುರ್ಗದ ಕಡೆ ಎಷ್ಟೋ ಜನ ಅಟ್ಟದ ಮೇಲಿದ್ದ ರಾಡ್ ಇಳಿಸಿದರು. ನನ್ನ ಬಳಿ ರಿಪೇರಿಗೆ ಬಂದ ಹಿಡಿಗಳಲ್ಲಿ ಒಂದು ಇವತ್ತಿಗೂ ಕಣ್ಣ ಮುಂದಿದೆ. ಮೂರು ಕೋಟ್ ವಾರ್ನಿಷ್, ಕನ್ನಡಿಯ ಹೊಳಪು. ಹೆಬ್ಬೆರಳು ಒತ್ತುವ ಜಾಗದಲ್ಲಿ ಮಾತ್ರ ಬೇಸಿಗೆ ಕೆರೆಯ ತಳದ ಹಾಗೆ ಬಿರುಕು. ಬಿರುಕಿನ ಕೆಳಗೆ ಬಿಳಿ ಮಚ್ಚೆ, ಮಚ್ಚೆಯ ನಡುವೆ ಕರೀ ಬೂಸಲು. ಉಗುರಿನಿಂದ ಎಬ್ಬಿಸಿದರೆ ವಾರ್ನಿಷ್ ಚೂರು ಚೂರಾಗಿ ಬಂತು. ಒಂದೊಂದು ಚೂರಿನ ಬೆನ್ನಿಗೂ ಕಾರ್ಕಿನ ಪದರ ಅಂಟಿಕೊಂಡಿತ್ತು.

ಕಾರಣ ಸರಳ. ಕಾರ್ಕ್ ಒತ್ತಿದರೆ ತಗ್ಗುತ್ತದೆ, ವಾರ್ನಿಷ್ ತಗ್ಗುವುದಿಲ್ಲ. ಮೀನು ಎಳೆದಾಗ ನಾವು ಹಿಡಿಯನ್ನು ಎಷ್ಟು ಜೋರಾಗಿ ಅದುಮುತ್ತೇವೆ ಅಂತ ಆಗ ಗೊತ್ತಾಗುವುದಿಲ್ಲ. ಮೇಲಿನ ಪೊರೆ ಸೀಳುತ್ತದೆ. ಸೀಳಿನಿಂದ ನೀರು ಒಳಗೆ ಹೋಗುತ್ತದೆ, ಮೇಲೆ ಪೊರೆ ಇರುವುದರಿಂದ ಆರಲು ದಾರಿ ಇಲ್ಲ. ಏನೂ ಹಚ್ಚದ ಹಿಡಿಯಾಗಿದ್ದರೆ ನಮ್ಮ ಕಡೆಯ ಒಣ ಗಾಳಿಗೆ ಒಂದು ರಾತ್ರಿಯಲ್ಲಿ ಒಣಗಿರುತ್ತಿತ್ತು. ಇನ್ನೊಂದು ಮಾತು, ಹೊಳಪು ಹಿಡಿ ಒದ್ದೆ ಕೈಗೆ ಜಾರುತ್ತದೆ. ಕೊರವ ಮೀನಿನ ಲೋಳೆ ಮೆತ್ತಿದ ಅಂಗೈಯಲ್ಲಿ ಅಂಥ ರಾಡ್ ಹಿಡಿದು ನೋಡಿ, ಆಗ ಗೊತ್ತಾಗುತ್ತದೆ.

ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯ ಇದೆ. ತೂತು ಕಡಿಮೆ ಇರುವ ಒಳ್ಳೆ ಕಾರ್ಕ್ ಆಗಿದ್ದು, ಪ್ರತಿ ಸಲ ಬಂದ ಮೇಲೆ ಒರೆಸಿ ಒಣಗಿಸುವ ಅಭ್ಯಾಸ ಇದ್ದರೆ ಏನೂ ಹಚ್ಚಬೇಕಿಲ್ಲ. ಹಚ್ಚದ ಕಾರ್ಕಿನ ಹಿಡಿತವೇ ಚೆಂದ ಅನ್ನುವ ಹಳಬರು ಬಹಳ ಇದ್ದಾರೆ. ನನ್ನ ಸ್ವಂತದ ಒಂದು ರಾಡಿಗೆ ನಾನೂ ಏನೂ ಹಚ್ಚಿಲ್ಲ. ಆದರೆ ನಾವು ಗಾಳ ಹಾಕುವ ರೀತಿ ನೋಡಿ. ಕಾಟ್ಲಾ, ರೋಹು, ಗೆಂಡೆಗೆ ಹಿಟ್ಟಿನ ಉಂಡೆ. ಅದರಲ್ಲಿ ಶೇಂಗಾ ಹಿಂಡಿ, ಮೈದಾ, ಬೆಲ್ಲ. ಅದೇ ಕೈಯಲ್ಲಿ ಕಲೆಸುವುದು, ಅದೇ ಕೈಯಲ್ಲಿ ರಾಡ್ ಹಿಡಿಯುವುದು. ಮಧ್ಯಾಹ್ನ ಏರಿ ಮೇಲೆ ಕೂತು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ. ಸಂಜೆಗೆ ಹಿಡಿಯ ಮೇಲೆ ಎಣ್ಣೆ, ಬೆಲ್ಲ, ಲೋಳೆ, ಬೆವರು, ಧೂಳು ಎಲ್ಲ ಸೇರಿರುತ್ತದೆ. ತೂತಿದ್ದ ಹಿಡಿಗೆ ಇಷ್ಟೆಲ್ಲ ತುಂಬಿಕೊಂಡರೆ ಕಪ್ಪಾಗದೆ ಇನ್ನೇನಾಗುತ್ತದೆ? ಅದಕ್ಕೇ ನಿಮ್ಮ ಹಿಡಿಗೆ ತೆಳುವಾಗಿ ಒಂದು ರಕ್ಷಣೆ ಬೇಕು ಅಂತ ನನ್ನ ತೀರ್ಮಾನ.

ಕೆಲಸ ಶುರು ಮಾಡೋಣ. ಒಂದು ದಿನದಲ್ಲಿ ಮುಗಿಸುವ ಆಸೆ ಬೇಡ. ಬಿಡುವಿನಲ್ಲಿ ಒಂದು ವಾರ ಅಂತ ಇಟ್ಟುಕೊಳ್ಳಿ.

ಮೊದಲು ರೀಲ್ ಬಿಚ್ಚಿ. ಬಕೆಟ್‌ನಲ್ಲಿ ಮುಳುಗಿಸಬೇಡಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ. ಮೃದು ಕೂದಲಿನ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ, ಹಿಡಿಯ ಸುತ್ತ ಗುಂಡಗೆ ತಿಕ್ಕಿ. ಉದ್ದುದ್ದಕ್ಕೆ ಜೋರಾಗಿ ತಿಕ್ಕಿದರೆ ಬಳೆಗಳ ಅಂಚು ಎದ್ದುಬಿಡುತ್ತದೆ. ಬಳೆ ಅಂದೆ, ಯಾಕೆಂದರೆ ಹಿಡಿ ಒಂದೇ ತುಂಡಲ್ಲ. ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ ಕಾರ್ಕ್ ಬಳೆಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ತಿರುಗಿಸಿ ಕಡೆದಿರುತ್ತಾರೆ. ಏಳು ಇಂಚಿನ ಹಿಡಿಯಲ್ಲಿ ಹದಿನಾಲ್ಕು ಬಳೆ. ಗೆರೆಗಳನ್ನು ಎಣಿಸಿ ನೋಡಿ, ಸಿಗುತ್ತವೆ.

ಪಾತ್ರೆ ತಿಕ್ಕುವ ಹಸಿರು ನಾರು, ಸ್ಟೀಲ್ ನಾರು ಎರಡೂ ಬೇಡ. ಥಿನ್ನರ್, ಅಸಿಟೋನ್, ಬ್ಲೀಚ್ ಹತ್ತಿರಕ್ಕೂ ತರಬೇಡಿ. ಬಳೆಗಳ ನಡುವಿನ ಅಂಟಿಗೂ ರಾಡಿನ ಬಣ್ಣಕ್ಕೂ ಅವು ಒಳ್ಳೆಯದಲ್ಲ. ಸೋಪಿಗೆ ಬಗ್ಗದ ಕಪ್ಪಿಗೆ ಬಿಳಿ ಮೆಲಮಿನ್ ಸ್ಪಂಜು ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಬಹಳ ನಯವಾದ ಸ್ಯಾಂಡ್ ಪೇಪರ್ ಇದ್ದ ಹಾಗೆ, ಆದ್ದರಿಂದ ಹಗುರ ಕೈ ಇರಲಿ.

ಮಂಡಕ್ಕಿ ಅರಿಶಿನದ ಹಳದಿ ಕಲೆ ಇದ್ದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಬಟ್ಟೆ ಸೋಪು ತಾಗಿಸಿದ ಕೂಡಲೇ ಅದು ಕೆಂಪಾಗುತ್ತದೆ. ಹಿಡಿ ಹಾಳಾಯಿತು ಅಂತ ಗಾಬರಿಯಾಗಬೇಡಿ. ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೆ ಬಣ್ಣ ತಿರುಗುತ್ತದೆ, ಅಷ್ಟೇ. ನೀರಿನಲ್ಲಿ ಒರೆಸಿದರೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿ ಹೋಗಲು ತಿಕ್ಕುವುದಕ್ಕಿಂತ ಬಿಸಿಲು ಮೇಲು. ಎರಡು ಮೂರು ಗಂಟೆ ಬಿಸಿಲಿಗೆ ಇಟ್ಟರೆ ತಾನಾಗಿಯೇ ಮಾಸುತ್ತದೆ. ಬಿಳಿ ಬಟ್ಟೆಯ ಮೇಲಿನ ಸಾರಿನ ಕಲೆಗೆ ಮನೆಯಲ್ಲಿ ಮಾಡುವುದೂ ಇದೇ ಅಲ್ವಾ?

ತೊಳೆದ ಮೇಲೆ ತೂತುಗಳು ಜಾಸ್ತಿಯಾದ ಹಾಗೆ ಕಾಣುತ್ತವೆ. ಸಡಿಲವಾಗಿದ್ದ ಹಳೆ ಪುಟ್ಟಿ ಎದ್ದು ಬಂದಿರುತ್ತದೆ. ಬರಲಿ ಬಿಡಿ. ಅಲ್ಲಾಡುವ ಪುಟ್ಟಿಯ ಮೇಲೆ ಏನು ಹಚ್ಚಿದರೂ ನಿಲ್ಲುವುದಿಲ್ಲ. ಬೆಂಕಿ ಕಡ್ಡಿಯ ಮೊನೆಯಿಂದ ಒಂದೊಂದು ತೂತನ್ನೂ ಮುಟ್ಟಿ ನೋಡಿ, ಪುಡಿ ಬಂದರೆ ತೆಗೆದುಬಿಡಿ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಎರಡು ದಿನ ನೇತು ಹಾಕಿ. ಮೇಲೆ ಒಣಗಿದ್ದರೂ ತೂತಿನ ತಳ ಹಸಿಯಿರುತ್ತದೆ. ಇಲ್ಲಿ ಅವಸರ ಮಾಡಿದವರೇ ಆಮೇಲೆ ಬೂಸಲು ಅಂತ ಬರುತ್ತಾರೆ.

ಒತ್ತಿ ತಗ್ಗಾದ ಜಾಗ ಇದ್ದರೆ ಈಗಲೇ ಸರಿ ಮಾಡಿ. ಒದ್ದೆ ಬಟ್ಟೆಯ ತುಂಡನ್ನು ಆ ತಗ್ಗಿಗೆ ಸುತ್ತಿ, ಕುದಿಯುವ ನೀರಿನ ಹಬೆಗೆ ಸ್ವಲ್ಪ ದೂರದಿಂದ ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಅಮುಕಿಹೋದ ಕೋಣೆಗಳು ಬಿಸಿ ತೇವಕ್ಕೆ ಮತ್ತೆ ಉಬ್ಬುತ್ತವೆ. ಒಂದೇ ಸಲಕ್ಕೆ ಏಳದಿದ್ದರೆ ತಣಿಸಿ ಇನ್ನೊಂದು ಸಲ ಹಿಡಿಯಿರಿ. ಜಾಸ್ತಿ ಹೊತ್ತು ಹಿಡಿದರೆ ಒಳಗಿನ ಅಂಟು ಮೆತ್ತಗಾಗುತ್ತದೆ. ಹಬೆ ಕೊಟ್ಟ ಹಿಡಿಯನ್ನು ಮತ್ತೆ ಒಂದು ದಿನ ಒಣಗಿಸಬೇಕು.

ಈಗ ತೂತು ತುಂಬುವುದು. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು. ಇದಕ್ಕೆ ಕಾರ್ಕ್ ಪುಡಿ ಬೇಕು. ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಬ್ಯಾಡ್ಮಿಂಟನ್ ಕೋರ್ಟಿಗೆ ಹೋಗಿ. ಗರಿ ಮುರಿದ ಹಳೆ ಶಟಲ್‌ಗಳನ್ನು ಅಲ್ಲಿ ಮೂಲೆಗೆ ಎಸೆದಿರುತ್ತಾರೆ. ಒಳ್ಳೆ ಗರಿ ಶಟಲ್‌ನ ತಲೆ ಅಸಲಿ ಕಾರ್ಕ್. ಮೇಲಿನ ಬಿಳಿ ಹೊದಿಕೆ ಸುಲಿದು, ಗರಿಯ ಬುಡ ಮತ್ತು ಅಂಟು ಇರುವ ಭಾಗ ಕತ್ತರಿಸಿ ಬಿಸಾಡಿ. ಉಳಿದದ್ದನ್ನು 120 ನಂಬರಿನ ಸ್ಯಾಂಡ್ ಪೇಪರ್ ಮೇಲೆ ಉಜ್ಜಿದರೆ ಹಿಟ್ಟಿನಂಥ ಪುಡಿ ಬರುತ್ತದೆ. ಎರಡು ಶಟಲ್ ತಲೆ ಒಂದು ಹಿಡಿಗೆ ಧಾರಾಳ. ವೈನ್ ಬಾಟಲಿಯ ಕಾರ್ಕ್ ಸಿಕ್ಕರೆ ಅದೂ ಆಗುತ್ತದೆ. ಆದರೆ ಗ್ಯಾರೇಜಿನಲ್ಲಿ ಪ್ಯಾಕಿಂಗ್‌ಗೆ ಕತ್ತರಿಸುವ ಕಾರ್ಕ್ ಶೀಟ್ ಬೇಡ. ಅದರಲ್ಲಿ ರಬ್ಬರೋ ಬೇರೆ ಅಂಟೋ ಬೆರೆತಿರುತ್ತದೆ, ಪುಡಿ ಒಂದೇ ಹದಕ್ಕೆ ಬರುವುದಿಲ್ಲ.

ಅಂಟಿಗೆ ನೀರು ತಡೆಯುವ ಮರದ ಅಂಟು ತಗೊಳ್ಳಿ. ಫೆವಿಕಾಲ್ ಮೆರೈನ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಸಾದಾ ಬಿಳಿ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ, ಬೇಡ. ಅರಾಲ್ಡೈಟ್ ಯಾಕಾಗಬಾರದು ಅಂತ ಬಹಳ ಜನ ಕೇಳುತ್ತಾರೆ. ಅಂಟುವುದು ಚೆನ್ನಾಗಿಯೇ ಅಂಟುತ್ತದೆ. ಆದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಉಜ್ಜಿದಾಗ ಸುತ್ತಲಿನ ಕಾರ್ಕ್ ಸವೆದು, ಅರಾಲ್ಡೈಟ್ ಚುಕ್ಕೆ ಮಾತ್ರ ಅಕ್ಕಿಯಲ್ಲಿನ ಕಲ್ಲಿನ ಹಾಗೆ ಎದ್ದು ನಿಲ್ಲುತ್ತದೆ. ಬೆರಳಿಗೆ ಅದು ಸದಾ ಗೊತ್ತಾಗುತ್ತಿರುತ್ತದೆ.

ಅಂಟಿಗೆ ಪುಡಿ ಸೇರಿಸುತ್ತಾ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ. ಪುಡಿ ಜಾಸ್ತಿ, ಅಂಟು ಕಡಿಮೆ ಇರಲಿ. ಅಂಟು ಹೆಚ್ಚಾದಷ್ಟೂ ಚುಕ್ಕೆಯ ಬಣ್ಣ ಕಪ್ಪಾಗಿ ಎದ್ದು ಕಾಣುತ್ತದೆ. ಬೆಂಕಿ ಕಡ್ಡಿಯ ತುದಿಯಲ್ಲಿ ಸ್ವಲ್ಪ ತೆಗೆದು ತೂತಿನ ತಳಕ್ಕೆ ಒತ್ತಿ. ಮೇಲಿಂದ ಸವರಿದರೆ ಒಳಗೆ ಗಾಳಿ ನಿಂತು, ಒಣಗಿದ ಮೇಲೆ ಮುಚ್ಚಳದ ಹಾಗೆ ಎದ್ದು ಬರುತ್ತದೆ. ಆಳದ ತೂತಾದರೆ ಎರಡು ಕಂತಿನಲ್ಲಿ ತುಂಬಿ. ಕೊನೆಗೆ ಮಟ್ಟಕ್ಕಿಂತ ಒಂದು ಕೂದಲೆಳೆ ಎತ್ತರ ಬಿಡಿ, ಒಣಗುವಾಗ ಅದು ತಗ್ಗುತ್ತದೆ. ಪೂರ್ತಿ ಒಂದು ದಿನ ಮುಟ್ಟಬೇಡಿ.

ಹಿಡಿಯ ಮುಂದಿನ ತುದಿಯನ್ನು ಯಾರೂ ನೋಡುವುದಿಲ್ಲ. ಕಾರ್ಕ್ ಮುಗಿದು ರಾಡಿನ ಕಡ್ಡಿ ಹೊರಬರುವ ಜಾಗ ಅದು. ಅಲ್ಲಿ ಕಾಗದದಷ್ಟು ಸಂದಿದ್ದರೂ ಕಡ್ಡಿಯ ಮೇಲಿಂದ ಜಾರಿದ ನೀರೆಲ್ಲ ಅದರೊಳಗೆ ಇಳಿಯುತ್ತದೆ. ಹಿಡಿ ಒಳಗಿಂದ ಸಡಿಲವಾಗುವುದು ಇಲ್ಲಿಂದಲೇ. ಆ ಒಂದು ಜಾಗಕ್ಕೆ ಮಾತ್ರ ಅರಾಲ್ಡೈಟ್ ಸರಿ. ಗುಂಡುಸೂಜಿಯ ಮೊನೆಯಿಂದ ಸುತ್ತಲೂ ತೆಳುವಾಗಿ ತುಂಬಿ. ರೀಲ್ ಕೂರುವ ಭಾಗಕ್ಕೆ ಕಾರ್ಕ್ ಸೇರುವ ಕಡೆಯೂ ಒಮ್ಮೆ ನೋಡಿಬಿಡಿ.

ಉಜ್ಜುವ ಮೊದಲು ಕಡ್ಡಿಗೂ ರೀಲ್ ಸೀಟಿಗೂ ಮಾಸ್ಕಿಂಗ್ ಟೇಪ್ ಸುತ್ತಿ. 320 ನಂಬರಿನ ಸ್ಯಾಂಡ್ ಪೇಪರನ್ನು ಎರಡು ಬೆರಳಗಲದ ಪಟ್ಟಿ ಮಾಡಿ. ಬಸ್ ಸ್ಟ್ಯಾಂಡಿನಲ್ಲಿ ಬೂಟ್ ಪಾಲಿಶ್ ಮಾಡುವವರು ಬಟ್ಟೆಯನ್ನು ಎರಡೂ ತುದಿ ಹಿಡಿದು ಎಳೆಯುತ್ತಾರಲ್ಲ, ಹಾಗೆ ಹಿಡಿಯ ಸುತ್ತ ಎಳೆಯಿರಿ. ನಾಲ್ಕು ಎಳೆತಕ್ಕೊಮ್ಮೆ ರಾಡನ್ನು ಸ್ವಲ್ಪ ತಿರುಗಿಸಿ. ಬೆರಳಿನಿಂದ ಒತ್ತಿ ಒಂದೇ ಕಡೆ ಉಜ್ಜಿದರೆ ಹಳ್ಳ ಬೀಳುತ್ತದೆ. ಚುಕ್ಕೆ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಆಮೇಲೆ 400ರಲ್ಲಿ ಒಂದು ಸುತ್ತು, ಸಾಕು. ಕಾರ್ಕ್ ಹೊಸದರ ಹಾಗೆ ಬೆಳ್ಳಗಾಗುವ ತನಕ ಉಜ್ಜುವ ಆಸೆಯಾಗುತ್ತದೆ. ಬೇಡ. ವರ್ಷಕ್ಕೊಮ್ಮೆ ಹೀಗೆ ಬೆಳ್ಳಗೆ ಮಾಡುತ್ತಾ ಹೋದರೆ ಹಿಡಿ ತೆಳ್ಳಗಾಗಿ ಕೈಗೆ ಸಿಗುವುದಿಲ್ಲ. ಸ್ವಲ್ಪ ಕಂದು ಉಳಿಯಲಿ, ಅದು ನಿಮ್ಮ ಕೈಯ ಬಣ್ಣವೇ. ಪುಡಿಯನ್ನೆಲ್ಲ ಒಣ ಬ್ರಷ್‌ನಿಂದ ಕೊಡವಿ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿ.

ಉಳಿದದ್ದು ಕಾಲು ಪಾಲಿನ ಕೆಲಸ. ಕಾರ್ಕ್ ಹಿಡಿಗೆಂದೇ ಮಾಡಿದ ಯು-40 ಕಾರ್ಕ್ ಸೀಲ್ ಅಂತ ಒಂದಿದೆ, ಅಮೆರಿಕದ್ದು. ಬಂದೂಕಿನ ಮರದ ಭಾಗಕ್ಕೆ ಹಚ್ಚುವ ಟ್ರೂ ಆಯಿಲ್ ಅನ್ನೂ ರಾಡ್ ಕಟ್ಟುವವರು ಬಳಸುತ್ತಾರೆ. ಎರಡೂ ಒಳ್ಳೆಯವು. ಯಾರಾದರೂ ತಂದುಕೊಟ್ಟರೆ ಬಳಸಿ. ಇಲ್ಲದಿದ್ದರೆ ಅದಕ್ಕಾಗಿ ಒದ್ದಾಡಬೇಡಿ. ಮರದ ಪೀಠೋಪಕರಣಕ್ಕೆ ಹಚ್ಚುವ ಪಾಲಿಯುರೆಥೇನ್, ಅಂಗಡಿಯ ಮಾತಿನಲ್ಲಿ ಪಿ.ಯು., ಮ್ಯಾಟ್ (ಹೊಳಪಿಲ್ಲದ್ದು) ಅಂತ ಬರೆದಿರುವುದನ್ನು ತಗೊಳ್ಳಿ. ಡಬ್ಬದ ಮೇಲೆ ಹೇಳಿರುವ ಥಿನ್ನರನ್ನೇ ಬೆರೆಸಿ, ಹಾಲಿನಷ್ಟು ತೆಳ್ಳಗೆ ಮಾಡಿ. ಕಾರ್ಕಿಗೆ ಬರೀ ಥಿನ್ನರ್ ತಾಗಬಾರದು ಅಂದೆನಲ್ಲ, ಇಲ್ಲಿ ಬೆರೆತದ್ದನ್ನು ತೆಳುವಾಗಿ ಒರೆಸುವುದರಿಂದ ಅದು ಬೇಗ ಆರಿಹೋಗುತ್ತದೆ.

ಬ್ರಷ್ ಬೇಡ. ಹಳೆ ಕಾಟನ್ ಪಂಚೆಯ ತುಂಡು ಒಳ್ಳೆಯದು, ಒಗೆದು ಒಗೆದು ಅದರಲ್ಲಿ ನೂಲು ಬಿಡುವುದು ನಿಂತಿರುತ್ತದೆ. ಅದನ್ನು ಉಂಡೆ ಮಾಡಿ, ಅದ್ದಿ ಹಿಂಡಿ, ಹಿಡಿಯ ಸುತ್ತ ಒರೆಸುತ್ತಾ ಹೋಗಿ. ಐದು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆಯಿರಿ. ಒಳಗೆ ಇಳಿದಷ್ಟೇ ನಮಗೆ ಬೇಕಾದದ್ದು. ಒಂದು ದಿನ ಬಿಟ್ಟು ಎರಡನೇ ಸಲ. ಆಮೇಲೆ ಮತ್ತೆ ಆ ನೀರಿನ ಹನಿ ಬಿಟ್ಟು ನೋಡಿ. ತುಂಬಿದ ಚುಕ್ಕೆಯ ಮೇಲೂ ಹನಿ ಗುಂಡಗೆ ನಿಂತರೆ ಮುಗಿಯಿತು. ನಿಲ್ಲದಿದ್ದರೆ ಮಾತ್ರ ಮೂರನೇ ಸಲ. ಹಿಡಿ ಮಿನುಗಲು ಶುರುವಾಯಿತೋ, ಜಾಸ್ತಿ ಹಚ್ಚಿದಿರಿ ಅಂತಲೇ ಅರ್ಥ. ಪೂರ್ತಿ ಒಣಗಿದ ಮೇಲೆ 600 ನಂಬರಿನಲ್ಲಿ ಹಗುರವಾಗಿ ಒಮ್ಮೆ ಎಳೆದರೆ ಮಿನುಗು ಸತ್ತು ಹಿಡಿತ ಮರಳುತ್ತದೆ. ಅನುಮಾನ ಇದ್ದರೆ ಹಿಡಿಯ ಕೊನೆಯ ಬಳೆಯ ಮೇಲೆ ಮೊದಲು ಪ್ರಯೋಗ ಮಾಡಿ ನೋಡಿ.

ಅಗಸೆ ಎಣ್ಣೆ ನನ್ನ ಎರಡನೇ ಆಯ್ಕೆ. ಕಿರಾಣಿ ಅಂಗಡಿಯದಲ್ಲ, ಪೇಂಟ್ ಅಂಗಡಿಯಲ್ಲಿ ಸಿಗುವ ‘ಡಬಲ್ ಬಾಯ್ಲ್ಡ್’ ಲಿನ್‌ಸೀಡ್ ಎಣ್ಣೆ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಇದು ಬೇಗ ಒಣಗುತ್ತದೆ. ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಹಚ್ಚಿ ಅಭ್ಯಾಸ ಇರುವವರಿಗೆ ಇದರ ಕೈ ಬೇಗ ಒಲಿಯುತ್ತದೆ. ಕಾರ್ಕಿಗೆ ಜೇನಿನ ಬಣ್ಣ ಬರುತ್ತದೆ, ನೋಡಲು ಸೊಗಸು. ಆದರೆ ಹೋಗ್ತಾ ಹೋಗ್ತಾ ಬಣ್ಣ ಗಾಢವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಆ ಶಾಖ ಒಳಗೇ ಕೂಡುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ, ಶೀಟ್ ಹೊದಿಸಿದ ಕೋಣೆಯಲ್ಲಿ ಇದು ಇನ್ನೂ ಅಪಾಯ. ಟ್ರೂ ಆಯಿಲ್‌ನಲ್ಲೂ ಅಗಸೆ ಎಣ್ಣೆಯೇ ಇರುವುದರಿಂದ ಅದಕ್ಕೂ ಇದೇ ಮಾತು. ಬಳಸಿದ ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ ಆಮೇಲೆ ಬಿಸಾಡಿ. ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ.

ಜೇನುಮೇಣ ಹಚ್ಚುವವರೂ ಇದ್ದಾರೆ. ನಮ್ಮ ಬಿಸಿಲಿಗೆ ಅದು ಆಗಿಬರುವುದಿಲ್ಲ. ಏಪ್ರಿಲ್‌ನಲ್ಲಿ ಕಾರಿನೊಳಗೆ ಇಟ್ಟ ರಾಡಿನ ಮೇಲೆ ಮೇಣ ಮೆತ್ತಗಾಗಿ ಕೈಗೆ ಅಂಟುತ್ತದೆ. ಒಮ್ಮೆ ಮೇಣ ಕುಡಿದ ಕಾರ್ಕಿಗೆ ಬೇರೆ ಯಾವುದೂ ಹಿಡಿಯುವುದಿಲ್ಲ.

ಹಚ್ಚುವ ಕಾಲ ನೋಡಿಕೊಳ್ಳಿ. ಆಷಾಢದ ಗಾಳಿಯಲ್ಲಿ ಮಾಡಬೇಡಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ, ಆ ಗಾಳಿ ತರುವ ಕೆಂಧೂಳು ಹಸಿ ಕೋಟ್ ಮೇಲೆ ಕೂತರೆ ಮತ್ತೆ ಉಜ್ಜಬೇಕು. ದೀಪಾವಳಿಯಿಂದ ಸಂಕ್ರಾಂತಿಯ ನಡುವೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಕಿಟಕಿ ತೆರೆದ ಕೋಣೆಯಲ್ಲಿ ಮಾಡಿ.

ಆಮೇಲಿನ ಆರೈಕೆ ದೊಡ್ಡದೇನಲ್ಲ. ಏರಿಯಿಂದ ಹೊರಡುವ ಮೊದಲು ಒದ್ದೆ ಬಟ್ಟೆಯಲ್ಲಿ ಹಿಡಿ ಒರೆಸಿ. ಬೆಲ್ಲದ ಹಿಟ್ಟು ಮೆತ್ತಿದ ಹಿಡಿಗೆ ಮನೆಯಲ್ಲಿ ಇರುವೆ, ಜಿರಳೆ ಬರುತ್ತವೆ. ಇಲಿ ಬಂದರೆ ಕಾರ್ಕನ್ನೇ ಕಡಿದುಹಾಕುತ್ತದೆ. ಹೊಸ ರಾಡಿಗೆ ಬರುವ ಪ್ಲಾಸ್ಟಿಕ್ ಕವರನ್ನು ಅಂದಕ್ಕೆ ಅಂತ ಹಾಗೇ ಬಿಡುವವರನ್ನು ನೋಡಿದ್ದೇನೆ, ಅದರೊಳಗೆ ನೀರು ಬೆವೆತು ಬೂಸಲು ಬರುತ್ತದೆ. ಮೊದಲ ದಿನವೇ ಕಿತ್ತು ಹಾಕಿ. ಬ್ಯಾಡ್ಮಿಂಟನ್ ಗ್ರಿಪ್ ಟೇಪ್ ಸುತ್ತಿದರೂ ಅದೇ ತೊಂದರೆ. ಮನೆಯಲ್ಲಿ ಬಟ್ಟೆಯ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ ಅಥವಾ ನೇತು ಹಾಕಿ. ವರ್ಷಕ್ಕೊಮ್ಮೆ ನೀರಿನ ಹನಿಯ ಪರೀಕ್ಷೆ ಮಾಡಿ. ಹನಿ ಇಳಿಯುತ್ತಿದ್ದರೆ ತೊಳೆದು, ಒಣಗಿಸಿ, ಒಂದೇ ಒಂದು ಸಲ ಒರೆಸಿ.

ನಿಮ್ಮ ಹಿಡಿಯಲ್ಲಿ ಕಡಲೆಬೇಳೆಗಿಂತ ದೊಡ್ಡ ತೂತಿದ್ದರೆ, ಅಥವಾ ಒಂದು ಬಳೆಯೇ ಅಡ್ಡ ಸೀಳಿ ಬೆರಳಿಗೆ ಅಲ್ಲಾಡುತ್ತಿದ್ದರೆ, ಪುಟ್ಟಿ ತುಂಬಿ ಸಮಯ ಕಳೆಯಬೇಡಿ. ಆ ಬಳೆಯನ್ನು ಕೆತ್ತಿ ತೆಗೆದು, ಹೊಸ ಬಳೆಯನ್ನು ಎರಡು ಹೋಳು ಮಾಡಿ ಸುತ್ತ ಅಂಟಿಸಬೇಕಾಗುತ್ತದೆ. ಅಳತೆ ತಪ್ಪಿದರೆ ಕೆತ್ತುವ ಚಾಕು ಒಳಗಿನ ಕಡ್ಡಿಗೆ ತಾಗುತ್ತದೆ. ಕಡ್ಡಿಗೆ ಗೀರು ಬಿದ್ದರೆ ದೊಡ್ಡ ಮೀನು ಎಳೆದ ದಿನ ರಾಡ್ ಅಲ್ಲೇ ಮುರಿಯುತ್ತದೆ. ಅದನ್ನು ಮಾತ್ರ ರಾಡ್ ಕಟ್ಟಿ ಗೊತ್ತಿರುವವರ ಕೈಗೆ ಕೊಡಿ.